ಗೇರೂ ಇಲ್ಲ, ಬ್ರೇಕೂ ಇಲ್ಲ: ಮೆಸೆಂಜರ್‌ಗಳು ಅಂಥ ಸೈಕಲ್ ಯಾಕೆ ಆರಿಸಿಕೊಂಡರು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಸಂಜೆ ಹೊತ್ತು ಒಂದು ಲ್ಯಾಬ್‌ನ ಸ್ಯಾಂಪಲ್ಲು, ರಿಪೋರ್ಟುಗಳನ್ನು ಸೈಕಲ್ಲಿನಲ್ಲಿ ಮುಟ್ಟಿಸುವ ಕೆಲಸ ಮಾಡುತ್ತೇನೆ. 21 ಗೇರಿನ ಸೈಕಲ್ ಇದೆ. ಕಳೆದ ಮಳೆಗಾಲದಲ್ಲಿ ಎರಡು ಸಲ ಗೇರ್ ಕೈಕೊಟ್ಟಿತು. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊದ ಬೈಕ್ ಮೆಸೆಂಜರ್‌ಗಳು (ಸೈಕಲ್ಲಿನಲ್ಲಿ ಕವರ್, ಕಾಗದಪತ್ರ ಮುಟ್ಟಿಸುವವರು) ಗೇರ್ ಇಲ್ಲದ, ಕೆಲವರಂತೂ ಬ್ರೇಕೂ ಇಲ್ಲದ 'ಫಿಕ್ಸೆಡ್ ಗೇರ್' ಸೈಕಲ್ ಓಡಿಸುವ ವಿಡಿಯೊ ನೋಡಿದೆ. ದಿನವಿಡೀ ಸೈಕಲ್ ಮೇಲೇ ದುಡಿಯುವವರು ಅಂಥದ್ದನ್ನೇ ಯಾಕೆ ಆರಿಸಿಕೊಳ್ಳುತ್ತಾರೆ ಸರ್? ನಾನೂ ಒಂದು ಮಾಡಿಸಿಕೊಳ್ಳಬಹುದಾ? ತಿಂಗಳಿಗೊಮ್ಮೆ ತೀರ್ಥಹಳ್ಳಿಗೆ, ನಮ್ಮ ಊರಿಗೆ, ಸೈಕಲ್ಲಿನಲ್ಲೇ ಹೋಗುತ್ತೇನೆ.
– ಓದುಗರೊಬ್ಬರು, ವಿನೋಬನಗರ

ಉತ್ತರ: ಮಳೆಗಾಲದಲ್ಲಿ ಎರಡು ಸಲ ಗೇರ್ ಕೈಕೊಟ್ಟಿತು ಅಂದ್ರಲ್ಲ, ಆ ಎರಡು ದಿನ ನಿಮ್ಮ ದುಡಿಮೆ ಎಷ್ಟು ಹೋಯಿತು? ಮೆಸೆಂಜರ್ ಲೆಕ್ಕ ಶುರುವಾಗುವುದೇ ಅಲ್ಲಿಂದ. ಅವರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ ಇಲ್ಲ. ಒಂದು ಕವರ್ ಮುಟ್ಟಿಸಿದರೆ ಇಷ್ಟು ಅಂತ ಕೊಡುತ್ತಾರೆ. ಸೈಕಲ್ ಗೋಡೆಗೆ ಒರಗಿ ನಿಂತರೆ ಆ ಹೊತ್ತಿನ ಊಟ ಹೋಯಿತು ಅಂತಲೇ ಅರ್ಥ. ಹಾಗಾಗಿ ಅವರು ಮೊದಲು ಕೇಳುವುದು 'ಎಷ್ಟು ಜೋರಾಗಿ ಓಡುತ್ತೆ' ಅಂತ ಅಲ್ಲ, 'ಇದರಲ್ಲಿ ಕೆಡೋದಕ್ಕೆ ಏನೇನಿದೆ' ಅಂತ.

ನಿಮ್ಮ 21 ಗೇರಿನ ಸೈಕಲ್ಲನ್ನು ಒಮ್ಮೆ ಆ ಕಣ್ಣಿನಿಂದ ನೋಡಿ. ಹ್ಯಾಂಡಲ್ ಮೇಲೆ ಎರಡು ಶಿಫ್ಟರ್. ಅಲ್ಲಿಂದ ಕೆಳಗೆ ಎರಡು ಕೇಬಲ್. ಮುಂದೆ ಮೂರು ಚೈನ್‌ವೀಲ್, ಹಿಂದೆ ಏಳು ಹಲ್ಲುಚಕ್ರ. ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಲು ಎರಡು ಡಿರೈಲರ್. ಹಿಂದಿನ ಡಿರೈಲರ್ ನೇತಾಡುವುದು ಹ್ಯಾಂಗರ್ ಎಂಬ ಒಂದು ಸಣ್ಣ ತುಂಡಿನ ಮೇಲೆ. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಗ್ಗುವುದು ಅದೇ. ಬಗ್ಗಿದ್ದು ಕಣ್ಣಿಗೆ ಕಾಣುವುದಿಲ್ಲ. ಎರಡು ದಿನ ಬಿಟ್ಟು ನೀವು ಏರಿನಲ್ಲಿ ಕಡಿಮೆ ಗೇರಿಗೆ ಹಾಕಿದಾಗ ಡಿರೈಲರ್ ಹೋಗಿ ಸ್ಪೋಕಿಗೆ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿ ತಿರುಚಿಹೋದ ಡಿರೈಲರ್‌ಗಳು ನನ್ನ ಅಂಗಡಿಗೆ ಪ್ರತಿ ಜುಲೈನಲ್ಲಿ ಬರುತ್ತವೆ. ಚೈನಿನಲ್ಲಿ ಕೆಂಪು ಮಣ್ಣು, ಸ್ಪೋಕ್ ನಾಲ್ಕು ಮುರಿದು, ಹಲ್ಲಿನ ಸಂದಿಯಲ್ಲಿ ಹುಲ್ಲು. ತಂದವರು ಕೇಳುವುದು ಒಂದೇ ಮಾತು: 'ಸಂಜೆಯೊಳಗೆ ಆಗುತ್ತಾ?' ಎಷ್ಟೋ ಸಲ ಆಗುವುದಿಲ್ಲ. ಆ ಮಾಡೆಲ್ಲಿನ ಹ್ಯಾಂಗರ್ ಬೆಂಗಳೂರಿಂದ ಬರಬೇಕು.

ಒಂದೇ ಗೇರಿನ ಸೈಕಲ್ಲಿನಲ್ಲಿ ಇದ್ಯಾವುದೂ ಇಲ್ಲ. ಮುಂದೊಂದು ಚೈನ್‌ವೀಲ್, ಹಿಂದೊಂದು ಹಲ್ಲುಚಕ್ರ, ನಡುವೆ ಒಂದು ಚೈನ್. ಚೈನ್ ಅತ್ತಿತ್ತ ವಾಲದೆ ನೇರ ಓಡುತ್ತದೆ, ನಿಧಾನ ಸವೆಯುತ್ತದೆ. ಗೇರ್ ಸೈಕಲ್ಲಿನ ತೆಳ್ಳನೆ ಚೈನಿನ ಬದಲು 1/8 ಇಂಚಿನ ಅಗಲ ಚೈನ್ ಹಾಕಬಹುದು. ತೂಕ ಕಮ್ಮಿ, ಹೆಗಲ ಮೇಲೆ ಹೊತ್ತು ಮಹಡಿ ಹತ್ತಬಹುದು. ಬೀದಿಯಲ್ಲಿ ಬೀಗ ಹಾಕಿ ನಿಲ್ಲಿಸಿದರೆ ಬಿಚ್ಚಿಕೊಂಡು ಹೋಗೋದಕ್ಕೂ ಹೆಚ್ಚೇನಿಲ್ಲ. ದಿನಕ್ಕೆ ಹತ್ತಾರು ಕಟ್ಟಡಗಳ ಮುಂದೆ ಸೈಕಲ್ ಬಿಟ್ಟು ಒಳಗೆ ಓಡುವವನಿಗೆ ಇದು ಸಣ್ಣ ವಿಷಯ ಅಲ್ಲ.

ಇಷ್ಟಕ್ಕೆ ಸಿಂಗಲ್ ಸ್ಪೀಡ್ ಸಾಕಲ್ವಾ, ಫಿಕ್ಸೆಡ್ ಯಾಕೆ? ನಿಮ್ಮ ನಿಜವಾದ ಪ್ರಶ್ನೆ ಇದೇ ಅಂದುಕೊಂಡಿದ್ದೇನೆ. ಈ ಎರಡನ್ನೂ ಒಂದೇ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ.

ಪೆಡಲ್ ನಿಲ್ಲಿಸಿದಾಗ ಹಿಂದಿನ ಚಕ್ರದಿಂದ 'ಟಿಕ್ ಟಿಕ್ ಟಿಕ್' ಅಂತ ಸದ್ದು ಬರುತ್ತಲ್ಲ, ಅದು ಫ್ರೀವೀಲಿನದು. ಅದನ್ನು ಬಿಚ್ಚಿದರೆ ಒಳಗೆ ಸಾಸಿವೆಗಿಂತ ತುಸು ದೊಡ್ಡ ಗುಂಡುಗಳ ಸಾಲು ಕಾಣುತ್ತದೆ. ಅದರ ಒಳಗೆ ಕಿರುಬೆರಳ ಉಗುರಿನಷ್ಟು ಎರಡು ಉಕ್ಕಿನ ತುಂಡು. ಅವನ್ನು ಹೊರಕ್ಕೆ ಒತ್ತಿ ಹಿಡಿಯುವುದು ಕೂದಲೆಳೆಯಂಥ ಸ್ಪ್ರಿಂಗ್. ಪೆಡಲ್ ತುಳಿದಾಗ ಆ ತುಂಡುಗಳು ಹೊರಗಿನ ಬಳೆಯ ಹಲ್ಲಿಗೆ ಕಚ್ಚಿಕೊಂಡು ಚಕ್ರವನ್ನು ತಿರುಗಿಸುತ್ತವೆ. ತುಳಿಯುವುದನ್ನು ಬಿಟ್ಟರೆ ಹಲ್ಲಿನ ಮೇಲೆ ಜಾರುತ್ತಾ ಹೋಗುತ್ತವೆ. ಆ ಜಾರುವ ಸದ್ದೇ ಟಿಕ್ ಟಿಕ್. ಹಾಗಾಗಿ ಚಕ್ರ ಓಡುತ್ತಿದ್ದರೂ ನಿಮ್ಮ ಕಾಲು ಸುಮ್ನೆ ಇರಬಹುದು.

ಫಿಕ್ಸೆಡ್ ಗೇರಿನಲ್ಲಿ ಇದೇ ಇಲ್ಲ. ಹಲ್ಲುಚಕ್ರವನ್ನು ಚಕ್ರದ ನಡುವಿನ ಗುಂಬಕ್ಕೇ, ಅಂದರೆ ಹಬ್ಬಿಗೇ (hub) ಬಿಗಿದಿರುತ್ತಾರೆ. ಚಕ್ರ ತಿರುಗಿದರೆ ಪೆಡಲ್ ತಿರುಗಲೇಬೇಕು, ಪೆಡಲ್ ನಿಂತರೆ ಚಕ್ರ ನಿಲ್ಲಲೇಬೇಕು. ಇಳಿಜಾರಿನಲ್ಲಿ ಆರಾಮಾಗಿ ಕೂತು ಜಾರುವ ಮಾತಿಲ್ಲ. ನಾನು ಮೊದಲ ಸಲ ಸವಳಂಗ ರಸ್ತೆಯಲ್ಲಿ ಗೆಳೆಯರೊಬ್ಬರ ಫಿಕ್ಸೆಡ್ ಸೈಕಲ್ ಹತ್ತಿದಾಗ, ಹಸು ಅಡ್ಡ ಬಂತು ಅಂತ ಅಭ್ಯಾಸಬಲದಿಂದ ಕಾಲು ನಿಲ್ಲಿಸಿದೆ. ಪೆಡಲ್ ನನ್ನ ಕಾಲನ್ನು ಮೇಲಕ್ಕೆತ್ತಿ ಸೀಟಿನಿಂದ ಒಂದು ಗೇಣು ಎಬ್ಬಿಸಿತು. ಸೈಕಲ್ ಮೇಲೆ ನಲವತ್ತು ವರ್ಷ ಕಳೆದ ಮೈಗೆ ಅದು ಹೊಸ ಪಾಠ. ಆದರೆ ಒಂದು ವಾರ ಓಡಿಸಿದ ಮೇಲೆ ಮೆಸೆಂಜರ್‌ಗಳು ಇದನ್ನು ಯಾಕೆ ಬಿಡುವುದಿಲ್ಲ ಅಂತ ನನ್ನ ಕಾಲಿಗೇ ಗೊತ್ತಾಯಿತು.

ಗಾಂಧಿ ಬಜಾರಿನಲ್ಲಿ ಸಂಜೆ ಆರು ಗಂಟೆಗೆ ಸೈಕಲ್ ಓಡಿಸಿದ್ದೀರಿ ತಾನೆ? ತಳ್ಳುಗಾಡಿ, ನಿಂತ ಆಟೊ, ಹೂವು ಕೊಳ್ಳಲು ನಡುದಾರಿಗೆ ಬಂದ ಜನ. ಅಲ್ಲಿ ಬೇಕಿರುವುದು ವೇಗ ಅಲ್ಲ, ನಡಿಗೆಯಷ್ಟು ನಿಧಾನದಲ್ಲಿ ಬೀಳದೆ ಹೋಗುವುದು. ಫಿಕ್ಸೆಡ್‌ನಲ್ಲಿ ಕಾಲಿನ ಒತ್ತಡ ಒಂದಿಷ್ಟು ಸಡಿಲಿಸಿದರೆ ಸೈಕಲ್ ಅಷ್ಟೇ ನಿಧಾನವಾಗುತ್ತದೆ, ಒಂದಿಷ್ಟು ಒತ್ತಿದರೆ ಅಷ್ಟೇ ಮುಂದೆ ಹೋಗುತ್ತದೆ. ಬ್ರೇಕ್ ಹಿಡಿ, ಬಿಡು, ಮತ್ತೆ ತುಳಿ ಅನ್ನುವುದೆಲ್ಲ ಒಂದೇ ಕೆಲಸವಾಗುತ್ತದೆ. ಚಕ್ರ ರಸ್ತೆಯನ್ನು ಎಷ್ಟು ಹಿಡಿದಿದೆ ಅಂತ ಪಾದಕ್ಕೆ ತಿಳಿಯುತ್ತದೆ. ಒದ್ದೆ ಟಾರಿನ ಮೇಲೆ ಹಿಂದಿನ ಟೈರ್ ಜಾರುವ ಮೊದಲೇ ಪೆಡಲಿನಲ್ಲಿ ಒಂದು ಸಡಿಲ ಗೊತ್ತಾಗುತ್ತದೆ. ಸಿಗ್ನಲ್ಲಿನಲ್ಲಿ ಕಾಲು ಕೆಳಗಿಡದೆ, ಪೆಡಲನ್ನು ಕೂದಲಷ್ಟು ಹಿಂದೆ ಮುಂದೆ ಆಡಿಸುತ್ತಾ ನಿಂತಲ್ಲೇ ನಿಲ್ಲಬಹುದು. ಅದಕ್ಕೆ ಟ್ರ್ಯಾಕ್ ಸ್ಟ್ಯಾಂಡ್ ಅನ್ನುತ್ತಾರೆ. ನೋಡುವವರಿಗೆ ಅದು ಸರ್ಕಸ್. ದಿನಕ್ಕೆ ನೂರು ಸಲ ನಿಂತು ಹೊರಡುವವರಿಗೆ ಅದು ಮೈ ಉಳಿತಾಯ.

ಮಳೆಯ ಮಾತು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಹಳೇ ಸೈಕಲ್ಲುಗಳ ರಾಡ್ ಬ್ರೇಕ್ ನೆನಪಿಸಿಕೊಳ್ಳಿ. ಹೊಳೆಯುವ ಉಕ್ಕಿನ ರಿಮ್ ಒದ್ದೆಯಾದರೆ ಎಷ್ಟು ಹಿಡಿದರೂ ಸೈಕಲ್ ನಿಲ್ಲುತ್ತಿರಲಿಲ್ಲ. ರಬ್ಬರಿಗೂ ರಿಮ್ಮಿಗೂ ನಡುವೆ ನೀರಿನ ಪದರ. ಅಲ್ಯೂಮಿನಿಯಂ ರಿಮ್ ಪರವಾಗಿಲ್ಲ, ಆದರೂ ಒದ್ದೆಯಾದಾಗ ಮೊದಲ ಒಂದೆರಡು ಸುತ್ತು ಬ್ರೇಕ್ ಹಿಡಿಯುವುದಿಲ್ಲ. ಕಾಲಿನಿಂದ ತಡೆಯುವವನಿಗೆ ರಿಮ್ ಒದ್ದೆಯಾದರೇನು, ಒಣಗಿದ್ದರೇನು? ಇನ್ನೊಂದು, ನಾನು ಮಲೆನಾಡಿನಲ್ಲಿ ಕಂಡದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದ ಫ್ರೀವೀಲಿನಲ್ಲಿ ಆ ಕೂದಲೆಳೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಉಕ್ಕಿನ ತುಂಡು ಒಳಗೇ ಅಂಟಿಕೊಂಡು ಕೂರುತ್ತದೆ. ಆಮೇಲೆ ಒಂದು ಬೆಳಿಗ್ಗೆ ತುಳಿದರೆ ಪೆಡಲ್ ಸುಮ್ನೆ ಖಾಲಿ ತಿರುಗುತ್ತದೆ, ಸೈಕಲ್ ಕದಲುವುದಿಲ್ಲ. ಫಿಕ್ಸೆಡ್‌ಗೆ ಆ ರೋಗವೂ ಇಲ್ಲ.

ಈ ಸೈಕಲ್ ಮೆಸೆಂಜರ್‌ಗಳಿಗಾಗಿ ಹುಟ್ಟಿದ್ದಲ್ಲ. ಮೊದಮೊದಲು ಎಲ್ಲ ಸೈಕಲ್ಲೂ ಫಿಕ್ಸೆಡ್ಡೇ. ಇವತ್ತಿನ ಸೈಕಲ್ಲಿನ ಅಜ್ಜ ಅನ್ನಬಹುದಾದ 1885ರ ರೋವರ್ ಸೈಕಲ್ಲಿಗೂ ಫ್ರೀವೀಲ್ ಇರಲಿಲ್ಲ. ಅದು ಬಳಕೆಗೆ ಬಂದದ್ದು 19ನೇ ಶತಮಾನ ಮುಗಿಯುವ ಹೊತ್ತಿಗೆ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಎಲ್ಲರಿಗೂ ಡಿರೈಲರ್ ಬಳಸಲು ಬಿಟ್ಟದ್ದು 1937ರಲ್ಲಿ. ಅಲ್ಲಿಯವರೆಗೆ ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕುತ್ತಿದ್ದರು. ಹಬ್ಬಿನ ಎರಡು ಕಡೆ ಬೇರೆ ಬೇರೆ ಹಲ್ಲುಚಕ್ರ ಇರುತ್ತಿತ್ತು. ಫಿಕ್ಸೆಡ್ ಉಳಿದುಕೊಂಡದ್ದು ವೆಲೊಡ್ರೋಮ್ ಎಂಬ ಬಾಣಲೆಯಂಥ ರೇಸ್ ಟ್ರ್ಯಾಕಿನಲ್ಲಿ. ಅಲ್ಲಿ ಬ್ರೇಕ್ ಇರಲೇಬಾರದು. ಒಬ್ಬರ ಹಿಂದೆ ಒಬ್ಬರು ಗೇಣು ಅಂತರದಲ್ಲಿ ಹೋಗುವಾಗ ಮುಂದಿನವ ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಬಿದ್ದಂತೆಯೇ. ಆ ಟ್ರ್ಯಾಕ್ ಸೈಕಲ್ಲುಗಳೇ ನ್ಯೂಯಾರ್ಕಿನ ಬೀದಿಗೆ ಇಳಿದವು. ಟ್ರ್ಯಾಕಿಗೂ ಬೀದಿಗೂ ಎಷ್ಟು ಹತ್ತಿರ ಅನ್ನುವುದಕ್ಕೆ ನೆಲ್ಸನ್ ವೇಲ್ಸ್ ಇದ್ದಾರೆ. ನ್ಯೂಯಾರ್ಕಿನಲ್ಲಿ ಮೆಸೆಂಜರ್ ಆಗಿ ದುಡಿದ ಹಾರ್ಲೆಮ್‌ನ ಹುಡುಗ, 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸ್ಪ್ರಿಂಟ್‌ನಲ್ಲಿ ಬೆಳ್ಳಿ ಗೆದ್ದರು. ಒಲಿಂಪಿಕ್ಸ್ ಸೈಕ್ಲಿಂಗಿನಲ್ಲಿ ಪದಕ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್ ಅವರು. ಕೂಲಿ ಕೆಲಸದ ಸೈಕಲ್ ತುಳಿದವರ ಕಾಲಿಗೆ ಎಷ್ಟು ಬಲ ಇರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ. 1987ರಲ್ಲಿ ನ್ಯೂಯಾರ್ಕಿನ ಮೇಯರ್ ಎಡ್ ಕಾಚ್ ಮ್ಯಾನ್‌ಹಟನ್ನಿನ ಮೂರು ದೊಡ್ಡ ರಸ್ತೆಗಳಲ್ಲಿ ಹಗಲು ಹೊತ್ತು ಸೈಕಲ್ ಬೇಡ ಅಂತ ಹೊರಟಾಗ ಮೆಸೆಂಜರ್‌ಗಳು ಬೀದಿಗಿಳಿದರು. ಆ ನಿಷೇಧ ಕೋರ್ಟಿನಲ್ಲಿ ನಿಲ್ಲಲಿಲ್ಲ. 1993ರಲ್ಲಿ ಬರ್ಲಿನ್ನಿನಲ್ಲಿ ಮೆಸೆಂಜರ್‌ಗಳದೇ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಹೀಗೆ ಒಂದು ಕೆಲಸದ ಸೈಕಲ್ಲಿಗೆ ತನ್ನದೇ ಒಂದು ಮರ್ಯಾದೆ ಬಂತು. ಈಗ ಫಿಕ್ಸೆಡ್ ಓಡಿಸುವ ಎಷ್ಟೋ ಜನ ಆ ಮರ್ಯಾದೆಗೇ ಓಡಿಸುವುದು. ಅದು ತಪ್ಪಲ್ಲ, ಆದರೆ ನಿಮ್ಮ ಕೆಲಸದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ನಮ್ಮಲ್ಲೂ ಇದೇ ಲೆಕ್ಕ ಬಹಳ ಹಿಂದೆಯೇ ಆಗಿತ್ತು. ನಾನು ಕೆಲಸ ಕಲಿತದ್ದು ಭದ್ರಾವತಿಯಲ್ಲಿ. ಕಾರ್ಖಾನೆಯ ಶಿಫ್ಟ್ ಬಿಟ್ಟರೆ ರಸ್ತೆ ತುಂಬ ಕಪ್ಪು ಸೈಕಲ್. ಹಾಲಿನವರು, ಪೇಪರ್ ಹಾಕುವವರು, ಅಂಚೆಯವರು, ಎಲ್ಲರದೂ ಒಂದೇ ಗೇರು. ನಾನು ಎಣಿಸಿ ನೋಡಿದ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಮುಂದೆ 44 ಹಲ್ಲು, ಹಿಂದೆ 18. ದೊಡ್ಡ 28 ಇಂಚಿನ ಚಕ್ರಕ್ಕೆ ಒಂದು ಸುತ್ತು ಪೆಡಲಿಗೆ ಸುಮಾರು ಐದೂವರೆ ಮೀಟರ್. ಎರಡು ಕ್ಯಾನ್ ಹಾಲು ಹೇರಿಕೊಂಡು ಸಣ್ಣ ಏರು ಹತ್ತಬಹುದು, ಸಮತಟ್ಟಿನಲ್ಲಿ ಕಾಲು ಸುಸ್ತಾಗುವುದಿಲ್ಲ. ಅವರು ಯಾರೂ 'ಸಿಂಗಲ್ ಸ್ಪೀಡ್' ಅಂದವರಲ್ಲ. ಸೈಕಲ್ ಅಂದರೆ ಅದೇ ಆಗಿತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಶಿವಮೊಗ್ಗ ಪೇಟೆಯ ಒಳಗೆ, ದುರ್ಗಿಗುಡಿ, ನೆಹರೂ ರಸ್ತೆ, ಗೋಪಿ ವೃತ್ತ, ವಿನೋಬನಗರ, ಇಷ್ಟರೊಳಗೆ ಓಡಾಟವಾದರೆ ಒಂದು ಗೇರು ಧಾರಾಳ ಸಾಕು. ಫ್ರೀವೀಲ್ ಇರುವ ಸಿಂಗಲ್ ಸ್ಪೀಡ್, ಎರಡು ಒಳ್ಳೆಯ ಬ್ರೇಕ್. ನನ್ನ ಸಲಹೆ ಅದೇ. ಫಿಕ್ಸೆಡ್ ಆಸೆ ಇದ್ದರೆ ಎರಡೂ ಕಡೆ ಥ್ರೆಡ್ ಇರುವ ಹಬ್ಬಿನ ಚಕ್ರ ಹಾಕಿಸಿ. ಒಂದು ಕಡೆ ಫ್ರೀವೀಲ್, ಇನ್ನೊಂದು ಕಡೆ ಫಿಕ್ಸೆಡ್ ಹಲ್ಲುಚಕ್ರ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಚಕ್ರ ತಿರುಗಿಸಿ ಹಾಕಿ ಕಲಿಯಿರಿ. ಕೆಲಸದ ದಿನ ಬೇಡ, ಕನಿಷ್ಠ ಎರಡು ತಿಂಗಳು.

ಮುಂದಿನ ಬ್ರೇಕ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಇದನ್ನು ನಾನು ಬೇಡಿಕೊಂಡು ಹೇಳುತ್ತಿದ್ದೇನೆ. ಸೈಕಲ್ ನಿಧಾನವಾಗುವಾಗ ಮೈಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ತಡೆದರೂ ಅದು ಜಾರುತ್ತದೆಯೇ ಹೊರತು ಸೈಕಲ್ಲನ್ನು ಹಿಡಿಯುವುದಿಲ್ಲ. ಒಣ ರಸ್ತೆಯಲ್ಲಿ ಮುಂದಿನ ಬ್ರೇಕ್ ಸರಿಯಾಗಿ ಬಳಸಿದರೆ ಎಷ್ಟು ದೂರದಲ್ಲಿ ನಿಲ್ಲುತ್ತೀರೋ, ಹಿಂದಿನ ಚಕ್ರವನ್ನಷ್ಟೇ ನಂಬಿದರೆ ಅದಕ್ಕೆ ಹೆಚ್ಚುಕಮ್ಮಿ ಎರಡರಷ್ಟು ದೂರ ಬೇಕು. ವಿಡಿಯೊದಲ್ಲಿ ಚಕ್ರ ಜಾರಿಸಿಕೊಂಡು ನಿಲ್ಲುವುದು ಚೆನ್ನಾಗಿ ಕಾಣುತ್ತದೆ. ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಬಾಗಿಲು ತೆರೆದು ಜನ ಇಳಿದಾಗ ನಿಮಗೆ ಆ ಎರಡರಷ್ಟು ದೂರ ಸಿಗುವುದಿಲ್ಲ.

ಹಾಗೆ ಜಾರಿಸುವವರ ಟೈರಿನದೂ ಒಂದು ಲೆಕ್ಕ ಇದೆ. ಜಾರಿಸುವಾಗ ಪೆಡಲ್ ಯಾವಾಗಲೂ ಒಂದೇ ಸ್ಥಾನದಲ್ಲಿ ನಿಲ್ಲುತ್ತದೆ. ಮುಂದೆ 48 ಹಲ್ಲು, ಹಿಂದೆ 16 ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು. ಅಂದರೆ ಪ್ರತಿ ಸಲವೂ ಟೈರಿನ ಅದೇ ಜಾಗ ನೆಲಕ್ಕೆ ಉಜ್ಜುತ್ತದೆ, ಬೇಗನೆ ಅಲ್ಲೇ ತೂತು. 42ಕ್ಕೆ 17 ಹಾಕಿದರೆ ಉಜ್ಜುವ ಜಾಗ 17 ಆಗುತ್ತದೆ, ಟೈರ್ ಎಲ್ಲ ಕಡೆ ಸಮ ಸವೆಯುತ್ತದೆ. ನಿಮಗೆ ನಾನು ಹೇಳುವುದೂ ಹೆಚ್ಚುಕಮ್ಮಿ ಅದೇ ಅಳತೆ: ಫಿಕ್ಸೆಡ್ ಕಡೆಗೆ 42ಕ್ಕೆ 17, ಫ್ರೀವೀಲ್ ಕಡೆಗೆ 18. ಈಗಿನ 700 ಸಿ ಅಳತೆಯ ಚಕ್ರದಲ್ಲಿ 18ರ ಕಡೆ ಒಂದು ಸುತ್ತಿಗೆ ಸುಮಾರು 4.9 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 23 ಕಿ.ಮೀ. ದಾಟುತ್ತೀರಿ. ಪೇಟೆಗೆ ಅದಕ್ಕಿಂತ ಜಾಸ್ತಿ ಬೇಡ.

ಇನ್ನೊಂದು ಎಚ್ಚರಿಕೆ, ತುಂಬ ಮುಖ್ಯ. ಮಾಮೂಲಿ ಫ್ರೀವೀಲನ್ನೇ ವೆಲ್ಡಿಂಗ್ ಮಾಡಿಸಿ 'ಫಿಕ್ಸೆಡ್' ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಖರ್ಚು ತುಂಬ ಕಮ್ಮಿ. ಮಾಡಿಸಬೇಡಿ. ಫ್ರೀವೀಲ್ ಹಬ್ಬಿಗೆ ಬಲಕ್ಕೆ ತಿರುಗಿಸಿ ಕೂರಿಸುವಂಥದ್ದು. ಮುಂದಕ್ಕೆ ತುಳಿದಷ್ಟೂ ಬಿಗಿಯಾಗುತ್ತದೆ, ಹಿಂದಕ್ಕೆ ತಡೆದರೆ ಬಿಚ್ಚಿಕೊಳ್ಳುತ್ತದೆ. ನಿಜವಾದ ಫಿಕ್ಸೆಡ್ ಹಬ್ಬಿನಲ್ಲಿ ಹಲ್ಲುಚಕ್ರದ ಹೊರಗೆ ಎಡಗಡೆಗೆ ತಿರುಗಿ ಬಿಗಿಯಾಗುವ ಇನ್ನೊಂದು ಬಳೆ ಇರುತ್ತದೆ. ಒಂದು ಬಿಚ್ಚಲು ಹೊರಟರೆ ಇನ್ನೊಂದು ಬಿಗಿಯುತ್ತದೆ. ಆ ಲಾಕ್ ರಿಂಗ್ ಇಲ್ಲದ ಸೈಕಲ್ ಫಿಕ್ಸೆಡ್ ಅಲ್ಲವೇ ಅಲ್ಲ. ಕಾಲೇಜು ಹುಡುಗನೊಬ್ಬ ಹಾಗೆ ವೆಲ್ಡಿಂಗ್ ಮಾಡಿಸಿ, ಬ್ರೇಕೂ ಬಿಚ್ಚಿಸಿ, ಇಳಿಜಾರಿನಲ್ಲಿ ಕಾಲಿನಿಂದ ತಡೆದಾಗ ಇಡೀ ಫ್ರೀವೀಲ್ ಸಡಿಲಾಗಿ ಪೆಡಲ್ ಖಾಲಿ ತಿರುಗಿತು. ಭುಜದ ಮೂಳೆ ಮುರಿಯಿತು. ಸೈಕಲ್ಲನ್ನು ಅವರಪ್ಪ ನನ್ನ ಅಂಗಡಿಗೆ ತಂದು ಇಳಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಬ್ಬಿನ ಥ್ರೆಡ್ ಹೊಸದರಂತೆ ಫಳಫಳ ಅನ್ನುತ್ತಿತ್ತು.

ಬಟ್ಟೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಮಾಮೂಲಿ ಸೈಕಲ್ಲಿನಲ್ಲಿ ಪ್ಯಾಂಟಿನ ತುದಿಯೋ, ಚೂಡಿದಾರದ ವೇಲೋ ಚೈನಿಗೆ ಸಿಕ್ಕಿದರೆ ತುಳಿಯುವುದನ್ನು ನಿಲ್ಲಿಸಿದರಾಯಿತು. ಫಿಕ್ಸೆಡ್‌ನಲ್ಲಿ ಚೈನ್ ನಿಲ್ಲುವುದಿಲ್ಲ, ಎಳೆದುಕೊಳ್ಳುತ್ತಲೇ ಹೋಗುತ್ತದೆ. ಬೆರಳು ಸಿಕ್ಕಿದರೂ ಅಷ್ಟೇ. ಚಕ್ರ ತಿರುಗುತ್ತಿರುವಾಗ ಚೈನ್ ಒರೆಸಲು ಹೋಗಬೇಡಿ. ಮಳೆಗಾಲದ ಪ್ಲಾಸ್ಟಿಕ್ ಚಪ್ಪಲಿಯೂ ಆಗದು. ಪಾದ ಜಾರಿದರೆ ಪೆಡಲ್ ಸುತ್ತಿ ಬಂದು ಮೊಣಕಾಲ ಕೆಳಗೆ ಬಡಿಯುತ್ತದೆ. ಪೆಡಲಿಗೆ ಪಟ್ಟಿ, ಕಾಲಿಗೆ ಶೂ ಬೇಕೇ ಬೇಕು.

ತೀರ್ಥಹಳ್ಳಿಯ ದಾರಿ ಬೇರೆಯೇ ಮಾತು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತುಂಗೆಯ ಪಕ್ಕದಲ್ಲೇ ಹೋಗುವ ಸುಮಾರು 60 ಕಿ.ಮೀ. ದಾರಿ. ಘಾಟಿ ಅಲ್ಲ, ಆದರೆ ಒಂದೇ ಸಮ ಏರು ಇಳಿವು, ತಿರುವು. ಫ್ರೀವೀಲ್ ಇರುವ ಸಿಂಗಲ್ ಸ್ಪೀಡಿನಲ್ಲಿ ನಿಮ್ಮ ವಯಸ್ಸಿಗೆ ಕಷ್ಟವೇನಿಲ್ಲ, ಎರಡು ಕಡೆ ಇಳಿದು ತಳ್ಳಬೇಕಾಗಬಹುದು. ಫಿಕ್ಸೆಡ್‌ನಲ್ಲಿ ಮಾತ್ರ ಹೋಗಬೇಡಿ. ಇಳಿಜಾರಿನಲ್ಲಿ ಗಂಟೆಗೆ 45 ಕಿ.ಮೀ. ಆದರೆ ಆ 42ಕ್ಕೆ 17ರಲ್ಲಿ ಕಾಲು ನಿಮಿಷಕ್ಕೆ ಸುಮಾರು 145 ಸುತ್ತು ತಿರುಗಲೇಬೇಕು. ತಿರುವಿನಲ್ಲಿ ಸೈಕಲ್ ವಾಲಿಸಿದಾಗಲೂ ಪೆಡಲ್ ಕೆಳಗೆ ಬರುತ್ತಲೇ ಇರುತ್ತದೆ, ನೆಲಕ್ಕೆ ತಾಗಿದರೆ ಹಿಂದಿನ ಚಕ್ರವನ್ನೇ ಎತ್ತಿಬಿಡುತ್ತದೆ. ಊರಿಗೆ ಹೋದವರು ಹಾಗೇ ಆಗುಂಬೆ ಕಡೆ ಹೋಗೋಣ ಅಂದುಕೊಂಡರೆ, ಆ 14 ಹೇರ್‌ಪಿನ್ ತಿರುವಿನ ಘಾಟಿಗೆ ನಿಮ್ಮ ಹಳೇ ಗೇರ್ ಸೈಕಲ್ಲೇ ಸರಿ. ಗೇರ್ ಮಾಡಿರುವುದು ಅಂಥ ಜಾಗಕ್ಕೇ. ಸ್ಯಾನ್ ಫ್ರಾನ್ಸಿಸ್ಕೊದ ಗುಡ್ಡದಲ್ಲೂ ಫಿಕ್ಸೆಡ್ ಓಡಿಸುತ್ತಾರಲ್ಲ ಅನ್ನಬಹುದು. ಅಲ್ಲಿನ ಏರು ಕಡಿದು, ಆದರೆ ಅದು ಊರೊಳಗಿನ ರಸ್ತೆ. ಒಂದು ರಸ್ತೆ ಬಿಟ್ಟು ಇನ್ನೊಂದರಲ್ಲಿ ಸುತ್ತಿ ಬರಬಹುದು. ಘಾಟಿಯಲ್ಲಿ ಇರುವುದು ಒಂದೇ ದಾರಿ, ಕಿಲೋಮೀಟರುಗಟ್ಟಲೆ ಇಳಿಜಾರು, ಹಿಂದೆ ಬಸ್ಸು.

ಹೊಸ ಸೈಕಲ್ಲಿಗೆ ದುಡ್ಡು ಹಾಕುವ ಮೊದಲು ಮನೆಯಲ್ಲಿ ತಂದೆಯವರದೋ ಅಜ್ಜನದೋ ಹಳೇ ಕಪ್ಪು ಸೈಕಲ್ ಇದೆಯಾ ನೋಡಿ. ಅದರಲ್ಲಿ ಹಿಂದಿನ ಆಕ್ಸೆಲ್ ಕೂರುವ ಸೀಳು ಅಡ್ಡಕ್ಕೆ ಉದ್ದವಾಗಿರುತ್ತದೆ, ಚಕ್ರವನ್ನು ಹಿಂದಕ್ಕೆ ಎಳೆದು ಚೈನ್ ಬಿಗಿ ಮಾಡಬಹುದು. ನಿಮ್ಮ 21 ಗೇರಿನ ಫ್ರೇಮಿನಲ್ಲಿ ಆ ಸೀಳು ನೆಟ್ಟಗೆ ಕೆಳಮುಖವಾಗಿದ್ದರೆ ಸಿಂಗಲ್ ಸ್ಪೀಡ್ ಮಾಡಲು ಚೈನ್ ಬಿಗಿ ಹಿಡಿಯುವ ಸ್ಪ್ರಿಂಗಿನ ತುಂಡೊಂದು ಬೇಕು. ಫಿಕ್ಸೆಡ್‌ಗೆ ಅದು ಆಗುವುದೇ ಇಲ್ಲ, ಹಿಂದಕ್ಕೆ ತಡೆದ ಕೂಡಲೇ ಮುರಿಯುತ್ತದೆ. ಚೈನ್ ಬಿಗಿ ಮಾಡಿದ ಮೇಲೆ ನಡುವೆ ಬೆರಳಿಟ್ಟು ಒತ್ತಿ ನೋಡಿ, ಅರ್ಧ ಇಂಚು ಆಡಬೇಕು. ಚೈನ್ ಸವೆದಿದೆಯಾ ಅಂತ ನೋಡಲು ಶಾಲೆಯ ಸ್ಕೇಲ್ ಸಾಕು. ಅರ್ಧ ಇಂಚಿಗೊಂದು ಪಿನ್ನಿನಂತೆ 24 ಕೊಂಡಿಗೆ ಸರಿಯಾಗಿ 12 ಇಂಚು. ಅದು 1/16 ಇಂಚು ಹಿಗ್ಗಿದ್ದರೆ ಚೈನ್ ಬದಲಿಸಿ. 1/8 ಹಿಗ್ಗುವವರೆಗೆ ಬಿಟ್ಟರೆ ಹಲ್ಲುಚಕ್ರವನ್ನೂ ಬದಲಿಸಬೇಕಾಗುತ್ತದೆ.

ಮೇ ಕೊನೆಯೊಳಗೆ ಹಿಂದಿನ ಹಬ್ ಬಿಚ್ಚಿಸಿ, ಗುಂಡು ತೊಳೆಸಿ, ಹೊಸ ಗ್ರೀಸ್ ತುಂಬಿಸಿ. ಫ್ರೀವೀಲಿಗೆ ಗ್ರೀಸ್ ಹಾಕಿಸಬೇಡಿ, ಆ ಸ್ಪ್ರಿಂಗ್ ಅಂಟಿಕೊಳ್ಳುತ್ತದೆ. ಎಣ್ಣೆ ಸಾಕು. ಸೈಕಲ್ ಮಲಗಿಸಿ ನಾಲ್ಕು ಹನಿ ಬಿಟ್ಟು ಚಕ್ರ ತಿರುಗಿಸಿದರೆ ಟಿಕ್ ಟಿಕ್ ಸದ್ದು ತುಸು ಮೆತ್ತಗಾಗುತ್ತದೆ. ಒಳಗೆ ಎಣ್ಣೆ ಇಳಿದಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ.